ಕೊನೆಯಾಕೆ ಬರುವ ತನಕ

ಕೈ ಮುಟ್ಟದೆ ಕತ್ತಲಾಗದ ಒಂದು ಹಟ್ಟಿ ಇತ್ತು.

ಯಾವ ಸೀಮೆ, ಯಾವ ಊರ ಮಗ್ಗುಲು ಅಂತ ಕೇಳಿದರೆ ಹೇಳುವವರಿಲ್ಲ. ಒಂದು ಬೋಳುಗುಡ್ಡ, ಗುಡ್ಡದ ಕೆಳಗೆ ಜಾಲಿಮುಳ್ಳಿನ ಬೋರೆ, ಬೋರೆಯ ಕೆಳಗೆ ಹಟ್ಟಿ. ಹಟ್ಟಿಯ ನಡುವೆ ಮುಳ್ಳುಬೇಲಿ ಕಟ್ಟಿದ ಒಂದು ದೊಡ್ಡ ರೊಪ್ಪ. ಹಟ್ಟಿಯ ಕುರಿಗಳೆಲ್ಲ ಇರುಳು ಮಲಗುವುದು ಆ ರೊಪ್ಪದಲ್ಲಿ. ರೊಪ್ಪಕ್ಕೆ ಒಂದೇ ಬಾಗಿಲು. ಬಾಗಿಲಿಗೆ ಒಂದೇ ಕೈ.

ಆ ಕೈ ಹಟ್ಟಿಯ ಹಿರಿಮನೆಯ ಹೆಣ್ಣಿನದು. ಸಂಜೆ ಮಂದೆ ಗುಡ್ಡ ಇಳಿದು ಬರುವಾಗ ಆಕೆ ಬಾಗಿಲಲ್ಲಿ ನಿಂತು ಕೈ ಚಾಚುತ್ತಿದ್ದಳು. ಕುರಿ ಆ ಕೈಯ ಕೆಳಗೆ ಹಾಯಬೇಕು. ಹಾಯುವಾಗ ಬೆನ್ನಿನ ಮೇಲೆ ಅಂಗೈ ಇಟ್ಟು, "ಬಂದೆಯಾ ತಾಯಿ, ಒಳಗೆ ಬಾ" ಅನ್ನಬೇಕು. ಒಂದು ಕುರಿ, ಒಂದು ಅಂಗೈ, ಒಂದು ಮಾತು. ಮತ್ತೊಂದು ಕುರಿ, ಮತ್ತೆ ಅಂಗೈ, ಮತ್ತೆ ಅದೇ ಮಾತು. ಕೊನೆಯ ಕುರಿಯ ಬೆನ್ನಿನಿಂದ ಕೈ ಎತ್ತಿದ ಮೇಲೇ ಸೂರ್ಯ ಗುಡ್ಡದ ಆಚೆ ಜಾರುತ್ತಿದ್ದ. ಅಲ್ಲಿಯ ತನಕ ಗುಡ್ಡದ ಭುಜದ ಮೇಲೆ ಕೂತಿರುತ್ತಿದ್ದ, ಮಾವನ ಮನೆ ಜಗಲಿಯಲ್ಲಿ ಕೂತ ಹೊಸ ಅಳಿಯನ ಹಾಗೆ. ಹೊರಡಿ ಅಂತ ಯಾರಾದರೂ ಹೇಳದೆ ಏಳುವ ಹಾಗಿಲ್ಲ.

ಕುರಿ ತಡವಾದರೆ ಸಂಜೆಯೂ ತಡ. ಹಟ್ಟಿಯವರಿಗೆ ಅದೇನು ಬೇಸರವಲ್ಲ. ಅರ್ಧ ಬೀಸಿದ ಹಿಟ್ಟನ್ನು ಪೂರ್ತಿ ಬೀಸಿಕೊಳ್ಳುತ್ತಿದ್ದರು. ಮಕ್ಕಳು ಇನ್ನೊಂದು ಆಟ ಹೂಡುತ್ತಿದ್ದವು. ಜಗಳ ಆಡಿದವರಿಗೆ ರಾಜಿಯಾಗಲು ಹೊತ್ತು ಸಿಗುತ್ತಿತ್ತು. ಕತ್ತಲಲ್ಲಿ ಹೊರಗೆ ಉಳಿದ ಕುರಿ ಅನ್ನುವ ಮಾತೇ ಆ ಹಟ್ಟಿಯಲ್ಲಿರಲಿಲ್ಲ.

ಹಾಗಾದರೆ ಬಾರದೇ ಹೋದ ಕುರಿ ಇರಲಿಲ್ಲವೇ? ಇತ್ತು. ಹಳ್ಳಕ್ಕೆ ಜಾರಿದ್ದು, ಮುದಿಯಾಗಿ ಮರದ ಬುಡದಲ್ಲಿ ಮಲಗಿದ್ದು, ತೋಳಪ್ಪನ ಪಾಲಾದದ್ದು. ಆಗ ಕುರಿಗಾರ ಅಡವಿಯೆಲ್ಲ ಹುಡುಕಿ, ಆ ಕುರಿಯ ಒಂದು ಹಿಡಿ ಉಣ್ಣೆ ತಂದು ಬಾಗಿಲಲ್ಲಿ ನಿಂತವಳಿಗೆ ಕೊಡುತ್ತಿದ್ದ. ಆಕೆ ಉಣ್ಣೆಯ ಮೇಲೆ ಅಂಗೈ ಇಟ್ಟು, "ಹೋದೆಯಾ ತಾಯಿ, ಹೋಗಿ ಬಾ" ಅನ್ನುತ್ತಿದ್ದಳು. ಬಂದವಳಿಗೆ ಒಂದು ಮಾತು, ಹೋದವಳಿಗೆ ಒಂದು ಮಾತು. ಎರಡರಲ್ಲಿ ಒಂದು ಕಿವಿಗೆ ಬಿದ್ದರೆ ಸಾಕು, ಸೂರ್ಯ ಎದ್ದು ಹೋಗುತ್ತಿದ್ದ. ತೋಳಪ್ಪನನ್ನೂ ಯಾರೂ ಬೈಯುತ್ತಿರಲಿಲ್ಲ. ಅವನೂ ಇದೇ ಅಡವಿಯವನು, ಅವನಿಗೂ ಹೊಟ್ಟೆ ಉಂಟು ಅನ್ನುತ್ತಿದ್ದರು.

ಇನ್ನೊಂದು ಹೇಳಬೇಕು. ಕತ್ತಲಾಗದೆ ಆ ಹಟ್ಟಿಯಲ್ಲಿ ಯಾರಿಗೂ ಕಣ್ಣು ಮುಚ್ಚುತ್ತಿರಲಿಲ್ಲ. ಹಗಲು ನಿದ್ದೆ ಅನ್ನುವುದು ಅವರಿಗೆ ಗೊತ್ತೇ ಇಲ್ಲ. ತೊಟ್ಟಿಲ ಕೂಸಿನಿಂದ ಹಿಡಿದು ಬಾಗಿಲ ನಾಯಿಯ ತನಕ ನಿದ್ದೆ ಎಂದರೆ ಕತ್ತಲು, ಕತ್ತಲು ಎಂದರೆ ನಿದ್ದೆ.

ಆ ಹಿರಿಮನೆಗೆ ಒಬ್ಬ ಸೊಸೆ ಬಂದಳು. ಬರುವಾಗ ತವರಿನವರು ಬಳುವಳಿಯಾಗಿ ಒಂದು ಕುರಿ ಕೊಟ್ಟಿದ್ದರು. ಮೈಯೆಲ್ಲ ಕಪ್ಪು, ಒಂದು ಕಿವಿ ಮಾತ್ರ ಬಿಳಿ. ಈ ಕುರಿಗೊಂದು ಚಾಳಿ. ಮಂದೆಯೆಲ್ಲ ತಿರುವು ದಾಟಿ ಹೋದರೂ ಇದು ನಿಂತು ಹಿಂದಕ್ಕೆ ನೋಡುತ್ತಿತ್ತು, ಬಂದ ಸೀಮೆ ಕಾಣುತ್ತದೇನೋ ಅಂತ. ನೋಡಿ, ನಿಟ್ಟುಸಿರು ಬಿಟ್ಟು, ಆಮೇಲೆ ಕಾಲು ಎತ್ತುತ್ತಿತ್ತು. ಹಾಗಾಗಿ ದಿನವೂ ಎಲ್ಲರಿಗಿಂತ ಕೊನೆಗೆ ಬರುವುದು ಅದೇ. ಹಟ್ಟಿಯವರು ಅದಕ್ಕೆ ಕೊನೆಯಾಕೆ ಅಂತಲೇ ಹೆಸರಿಟ್ಟರು. "ಕೊನೆಯಾಕೆ ದಯೆಯಿಂದ ಇವತ್ತು ರೊಟ್ಟಿ ಬಡಿದು ಮುಗೀತು ಕಣೆ" ಅಂತ ಹೆಂಗಸರು ನಗುತ್ತಿದ್ದರು. ಸೊಸೆಯೂ ನಗುತ್ತಿದ್ದಳು. ಆದರೆ ಕುರಿ ಹಿಂದಕ್ಕೆ ನೋಡುವಾಗ ಅವಳೂ ಆ ದಿಕ್ಕಿಗೇ ನೋಡುತ್ತಿದ್ದಳು.

ಅತ್ತೆಯ ಕೈಗೆ ವಯಸ್ಸಾಯಿತು. ಉಣ್ಣೆ ಮುಟ್ಟಿ ಮುಟ್ಟಿ ಅಂಗೈ ಕಂಬಳಿಯ ಹಾಗೆ ದಪ್ಪಗಾಗಿ, ಬೆನ್ನು ಯಾವುದು ಬಂಡೆ ಯಾವುದು ತಿಳಿಯದಾಯಿತು. ಒಂದು ಸಂಜೆ ಅತ್ತೆ ಸೊಸೆಯ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು, "ಇನ್ನು ನೀನು ನಿಲ್ಲವ್ವ" ಅಂದಳು.

ಸೊಸೆ ನಿಂತಳು. ಆದರೆ ಅವಳ ಮಡಿಲಿಗೆ ಅದೇ ಆಗ ಒಂದು ಹೆಣ್ಣುಕೂಸು ಬಂದಿತ್ತು. ಕೂಸು ಹಸಿದು ಅಳುವುದೂ ಮಂದೆ ಗುಡ್ಡ ಇಳಿಯುವುದೂ ಒಂದೇ ಹೊತ್ತಿಗೆ. ಒಂದು ಕೈಯಲ್ಲಿ ಕೂಸು, ಒಂದು ಕೈ ಕುರಿಯ ಮೇಲೆ. ಮಂದೆ ಹೊಳೆಯ ಹಾಗೆ ಹರಿಯುತ್ತಿತ್ತು, ಮುಗಿಯುತ್ತಿರಲಿಲ್ಲ. ಎದೆ ಸೋರಿ ಕುಪ್ಪಸ ನೆನೆಯುತ್ತಿತ್ತು. ಕೈ ಸೋತು ತೋಳೆಲ್ಲ ನೋವು. ಎಲ್ಲ ಮುಗಿಯಿತು ಅನ್ನುವಾಗ ಕೊನೆಯಾಕೆ ಅಲ್ಲಿ, ಆ ತಿರುವಿನಲ್ಲಿ, ಹಿಂದಕ್ಕೆ ನೋಡುತ್ತ ನಿಂತಿರುತ್ತಿದ್ದಳು.

"ಬಾರೇ, ನಮ್ಮವ್ವನ ಮನೆ ಎಲ್ಲಿಗೂ ಓಡಿಹೋಗಲ್ಲ" ಅಂತ ಸೊಸೆ ಕೂಗುತ್ತಿದ್ದಳು.

ಹೀಗಿರುವಾಗ ಗುಡ್ಡದ ಆಚೆಯಿಂದ ಒಬ್ಬ ಬಂದ. ಹೆಗಲಿಗೆ ಜೋಳಿಗೆ, ಜೋಳಿಗೆ ತುಂಬ ಮಣಿ. ಹಟ್ಟಿಯವರು ಅವನನ್ನು ಮಣಿಯವ ಅಂದರು. ಮಣಿಯ ಜೊತೆ ಒಂದು ಗಾಜಿನ ಹಲಗೆಯೂ ಇತ್ತು. ಈಗ ನಿಮ್ಮ ಕೈಯಲ್ಲೆಲ್ಲ ಮೊಬೈಲ್ ಇದೆಯಲ್ಲ, ಅದರ ದೊಡ್ಡಕ್ಕ ಅಂದುಕೊಳ್ಳಿ. ಸುಮ್ಮನಿದ್ದರೆ ಕಪ್ಪು, ಬೆರಳು ಸೋಕಿದರೆ ಬೆಳಕು. ಕುರಿಯ ಕಿವಿಗೆ ಒಂದು ಮಣಿ ಸಿಕ್ಕಿಸಿದರೆ ಹಲಗೆಯ ಮೇಲೆ ಒಂದು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಕುರಿ ನಡೆದರೆ ಚುಕ್ಕೆಯೂ ನಡೆಯಿತು. ಕುರಿ ನಿಂತರೆ ಚುಕ್ಕೆಯೂ ನಿಂತಿತು. ಗುಡ್ಡ, ಬೋರೆ, ಹಳ್ಳ ಎಲ್ಲ ಹದ್ದಿನ ಕಣ್ಣಿಗೆ ಬಿದ್ದ ಹಾಗೆ ಹಲಗೆಯ ಮೇಲೆ ಹರಡಿಕೊಂಡಿತ್ತು.

ಮಾವ ಹಟ್ಟಿಯ ಯಜಮಾನ. ಹಲಗೆಯನ್ನು ಮೊದಲು ನೋಡಿದವನು ಅವನೇ. ನೋಡಿದವನು ಕಣ್ಣು ಕೀಳಲಿಲ್ಲ.

"ಇದು ಸುಳ್ಳು ಹೇಳುತ್ತೇನಪ್ಪ?" ಅಂತ ಕೇಳಿದ.

"ಇಲ್ಲ ಯಜಮಾನರೇ" ಅಂದ ಮಣಿಯವ. "ಮಣಿ ಎಲ್ಲಿದೆ, ಎಷ್ಟು ಬೆಚ್ಚಗಿದೆ, ಎಷ್ಟು ನಡೆದಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೆ. ಅದರಾಚೆಗೆ ಅದಕ್ಕೆ ಮಾತು ಬರಲ್ಲ."

"ಹಂಗಾದರೆ ನಮ್ಮ ಮನೆಯಾಕೆಗಿಂತ ಮೇಲು ಬಿಡು."

"ಮೇಲೇ ಬಿಡಿ" ಅಂದಳು ಅತ್ತೆ ಒಳಗಿನಿಂದ. "ಅದಕ್ಕೆ ಅಡುಗೆ ಮಾಡೋಕೆ ಹೇಳಿ, ನಾನು ಹಲಗೆ ಹಿಡ್ಕೊಂಡು ಕೂರ್ತೀನಿ."

ಮಣಿಯವನಿಗೆ ಒಂದು ಕಂಬಳಿ ಹೊದಿಸಿ ಕಳಿಸಿದರು. ಹಲಗೆಯನ್ನು ರೊಪ್ಪದ ಬಾಗಿಲ ಕಂಬಕ್ಕೆ ತೂಗುಹಾಕಿದರು, ಕೈ ಚಾಚುತ್ತಿದ್ದ ಎತ್ತರದಲ್ಲೇ. ಅಂದು ಸಂಜೆ ಕುರಿಗಳು ಹಲಗೆಯ ಕೆಳಗೆ ಹಾಯ್ದವು. ಚುಕ್ಕೆಗಳು ಒಂದೊಂದಾಗಿ ರೊಪ್ಪದೊಳಕ್ಕೆ ಬಂದವು. ಕೊನೆಯ ಚುಕ್ಕೆ ಒಳಗೆ ಬಂದಾಗ ಹಲಗೆ ಗೆಜ್ಜೆ ಅಲುಗಿದ ಹಾಗೆ ಒಂದು ಸದ್ದು ಮಾಡಿತು. ಹಟ್ಟಿಗೆ ಹಟ್ಟಿಯೇ ಉಸಿರು ಹಿಡಿದು ಗುಡ್ಡದ ಕಡೆ ನೋಡಿತು. ಸೂರ್ಯ ಒಂದು ಗಳಿಗೆ ಯೋಚಿಸಿದ. ಆಮೇಲೆ ಜಾರಿದ. ಅವನಿಗೂ ಅನುಕೂಲ ಅನ್ನಿಸಿರಬೇಕು.

ಸೊಸೆ ಜಗಲಿಯಲ್ಲಿ ಕೂತು ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸು ಹೊಟ್ಟೆ ತುಂಬ ಕುಡಿದು, ಕತ್ತಲಾದ ಕೂಡಲೇ ಎದೆಯ ಮೇಲೇ ನಿದ್ದೆ ಹೋಯಿತು. ಅತ್ತೆ ಪಕ್ಕದಲ್ಲಿ ಕೂತು ನೋಡಿದಳು.

"ನನ್ನ ಕಾಲದಲ್ಲಿ ಇದು ಸಿಕ್ಕಿದ್ದರೆ ನಿನ್ನ ಗಂಡ ಅಷ್ಟು ಅಳುಬುರುಕ ಆಗ್ತಿರಲಿಲ್ಲ ಕಣೆ" ಅಂದಳು. "ಎಷ್ಟು ಸಂಜೆ ಅವನ ಬಾಯಿಗೆ ಬೆಲ್ಲದ ಚೂರು ತುರುಕಿ ಓಡಿದೀನೋ."

ಹಲಗೆ ಒಳ್ಳೆಯದನ್ನೇ ಮಾಡಿತು. ಕುರಿಯ ಮೈ ಕಾದರೆ ಚುಕ್ಕೆ ಕೆಂಪಾಗುತ್ತಿತ್ತು, ಕುರಿ ಮಂಕಾಗುವ ಮೊದಲೇ ಮದ್ದು ಬೀಳುತ್ತಿತ್ತು. ಗುಡ್ಡದ ಯಾವ ಮಗ್ಗುಲಿಗೆ ಮಳೆ ಬಿದ್ದು ಹಸಿರು ಚಿಗುರಿದೆ ಅಂತ ಮುಂಚೆಯೇ ತೋರಿಸುತ್ತಿತ್ತು. ಬಂಡೆಯ ಸಂದಿಗೆ ಸಿಕ್ಕಿಬಿದ್ದ ಒಂದು ಮರಿ ಹಲಗೆ ಇಲ್ಲದಿದ್ದರೆ ಅಲ್ಲೇ ಒಣಗುತ್ತಿತ್ತು. ಆ ಕಾಲದಲ್ಲಿ ಹಟ್ಟಿಗೆ ಒಂದು ಕುರಿಯೂ ನಷ್ಟವಾಗಲಿಲ್ಲ. ಹೋಗಿ ಬಾ ಅನ್ನುವ ಮಾತು ಯಾರ ಬಾಯಿಗೂ ಬರಲಿಲ್ಲ. ಬಾರದೆ ಬಾರದೆ ಮರೆತೂ ಹೋಯಿತು. ಬಂದೆಯಾ ಅನ್ನುವ ಮಾತೂ ಹಾಗೇ. ಹೇಳಬಾರದು ಅಂತ ಯಾರೂ ಅನ್ನಲಿಲ್ಲ, ಹೇಳುವ ಕೆಲಸ ಇರಲಿಲ್ಲ ಅಷ್ಟೆ.

ಕೊನೆಯಾಕೆ ಮಾತ್ರ ಬಾಗಿಲಿಗೆ ಬಂದು ಒಂದು ಗಳಿಗೆ ನಿಲ್ಲುತ್ತಿದ್ದಳು. ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದಳು. ಯಾವ ಕೈಯೂ ಬೀಳದಿದ್ದಾಗ ಒಳಗೆ ಹೋಗುತ್ತಿದ್ದಳು. ಸೊಸೆ ಜಗಲಿಯಿಂದ ನೋಡುತ್ತಿದ್ದಳು. ನಾಳೆ ಎದ್ದು ಹೋಗಿ ಮುಟ್ಟಿದರಾಯಿತು ಅಂದುಕೊಳ್ಳುತ್ತಿದ್ದಳು. ಮಡಿಲಲ್ಲಿ ಕೂಸು.

ಒಂದು ಸಂಜೆ ಮಂದೆ ಬಂತು, ಕೊನೆಯಾಕೆ ಬರಲಿಲ್ಲ.

ಸೊಸೆಯ ಗಂಡ ಅಂದು ಮಂದೆಯ ಹಿಂದೆ ಇದ್ದವನು. "ಹಳ್ಳದ ತನಕ ಇದ್ದಳು" ಅಂದ. "ತಿರುವಿನಲ್ಲಿ ನಿಂತಿರಬೇಕು ಅಂತ ಬಂದೆ. ದಿನಾ ನಿಲ್ತಾಳಲ್ಲ."

ಹಲಗೆ ನೋಡಿದರು. ಬೋರೆಯಲ್ಲಿ ಒಂಟಿ ಚುಕ್ಕೆ ಬೆಳಗುತ್ತಿತ್ತು.

"ಅಗೋ, ಇದಾಳೆ" ಅಂದ ಮಾವ. "ಹಿಂದಕ್ಕೆ ನೋಡ್ತಾ ನಿಂತಿದಾಳೆ."

ಗಂಡ ದೊಣ್ಣೆ ಹಿಡಿದು ಹೋದ. ಅವನು ಬೋರೆ ಸೇರುವ ಹೊತ್ತಿಗೆ ಚುಕ್ಕೆ ಹಳ್ಳಕ್ಕೆ ಹೋಗಿತ್ತು. ಹಳ್ಳಕ್ಕೆ ಇಳಿದರೆ ಚುಕ್ಕೆ ಗುಡ್ಡಕ್ಕೆ ಏರಿತ್ತು. ಸೂರ್ಯ ಗುಡ್ಡದ ಭುಜದ ಮೇಲೆ ಕೂತೇ ಇದ್ದ. ಕೊನೆಗೆ ಗಂಡ ಬರಿಗೈಯಲ್ಲಿ ಬಂದ. ಬರಿಗೈ ಅಂದರೆ ಪೂರ್ತಿ ಬರಿಗೈ ಅಲ್ಲ. ಮುಷ್ಟಿಯಲ್ಲಿ ಒಂದು ಹಿಡಿ ಕಪ್ಪು ಉಣ್ಣೆ ಇತ್ತು.

"ಜಾಲಿಗಿಡಕ್ಕೆ ಸಿಕ್ಕಿತ್ತು" ಅಂತ ಹೆಂಡತಿಯ ಮುಂದೆ ಹಿಡಿದ.

ಮಾವ ನಕ್ಕ.

"ಮುಳ್ಳು ಅಂದ ಮೇಲೆ ಉಣ್ಣೆ ಕೀಳದೆ ಇರುತ್ತೇನೋ? ಇಲ್ಲಿ ನೋಡು, ನಡೀತಿದಾಳೆ. ಮೈ ಬೆಚ್ಚಗಿದೆ. ಸತ್ತ ಕುರಿ ಎಲ್ಲಾದರೂ ಗುಡ್ಡ ಹತ್ತುತ್ತಾ?"

ಸೊಸೆ ಹಲಗೆ ನೋಡಿದಳು. ಹೌದು, ಚುಕ್ಕೆ ನಡೆಯುತ್ತಿತ್ತು. ಅದು ಹೋಗುತ್ತಿದ್ದುದು ಅವಳ ತವರಿನ ದಿಕ್ಕಿಗೇ. ಅವಳಿಗೆ ಉಸಿರು ಬಂದ ಹಾಗಾಯಿತು. ಉಣ್ಣೆಯನ್ನು ತೆಗೆದುಕೊಂಡು, ಅಂಗೈ ಇಡದೆ, ಮಾತು ಆಡದೆ, ಸೊಂಟದಲ್ಲಿ ಸೀರೆಯ ಮಡಿಕೆಗೆ ಸಿಕ್ಕಿಸಿದಳು.

"ನೋಡಿ ಬರಲಿ ಬಿಡಿ" ಅಂದಳು. "ಬರ್ತಾಳೆ."

ಅವರು ಕಾದರು.

ಮೊದಮೊದಲು ಹಿಂದಿನ ಹಾಗೇ ಇತ್ತು. ಹಿಟ್ಟು ಬೀಸಿದರು. ಮಕ್ಕಳು ಇನ್ನೊಂದು ಆಟ ಹೂಡಿದವು. ಹಿಟ್ಟು ಮುಗಿಯಿತು, ಆಟ ಮುಗಿಯಿತು, ಸಂಜೆ ಮುಗಿಯಲಿಲ್ಲ. ಸೂರ್ಯ ಗುಡ್ಡದ ಮೇಲೆ ಹಿತ್ತಾಳೆ ಹಂಡೆಯ ಹಾಗೆ ಕವುಚಿಕೊಂಡು ನಿಂತ. ಎಷ್ಟು ದಿನ ನಿಂತ ಅಂತ ಹೇಳುವ ಹಾಗಿಲ್ಲ, ಮುಳುಗದೆ ದಿನ ಎಲ್ಲಿಯದು? ಕೋಳಿಗಳು ಬುಟ್ಟಿಯ ಮುಂದೆ ಒಂದೇ ಕಾಲಿನ ಮೇಲೆ ನಿಂತವು, ಒಳಗೆ ಹೋಗಲಿಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ. ಸಂಜೆಮಲ್ಲಿಗೆ ಅರ್ಧ ಬಿರಿದು ಹಾಗೇ ಉಳಿಯಿತು. ನಾಯಿ ಮಲಗಲು ಸುತ್ತು ತಿರುಗಿತು, ತಿರುಗುತ್ತಲೇ ಇತ್ತು. ಜನ ಗೋಡೆಗೆ ಒರಗಿ ಕಣ್ಣು ಬಿಟ್ಟುಕೊಂಡು ಕೂತರು.

ಮಾವನೊಬ್ಬನಿಗೆ ಮಾತ್ರ ಹುಮ್ಮಸ್ಸು. ಹಲಗೆಯ ಮುಂದೆ ಕೂತು ಬಂದವರಿಗೆಲ್ಲ ತೋರಿಸುತ್ತಿದ್ದ.

"ನೋಡಿ, ಮಂದೆಯಲ್ಲಿ ಯಾವ ಕುರಿಯೂ ಇಷ್ಟು ನಡೆದಿಲ್ಲ. ನಿಂತು ನಿಂತು ಬರೋಳು ಈಗ ಓಡ್ತಿದಾಳೆ. ಎಂಥಾ ಮೇವು ತಿಂದಳೋ."

"ಸೊಸೆ ತವರಿನ ಕುರಿ ಅಲ್ಲವಾ" ಅಂದಳು ನೆರೆಮನೆಯ ಹೆಂಗಸು. "ಅಲ್ಲಿಯವರೆಲ್ಲ ಗಟ್ಟಿ."

"ಹಟ್ಟಿ ಟಗರುಗಳಿಗೂ ಈ ಕಾಲು ಇಲ್ಲ. ಬಂದ ಮೇಲೆ ಇವಳ ಮರಿಗಳನ್ನೇ ಬೆಳೆಸೋಣ" ಅಂದ ಮಾವ.

ಸೊಸೆ ಇದನ್ನೆಲ್ಲ ಕೇಳುತ್ತಿದ್ದಳು. ಕೇಳಲು ಹಿತವಾಗಿತ್ತು. ಆದರೆ ಅವಳ ತೋಳಿನಲ್ಲಿ ಕೂಸು ಕಣ್ಣು ಬಿಟ್ಟುಕೊಂಡಿತ್ತು. ಅಳುವ ಕೂಸಾದರೆ ಸಮಾಧಾನ ಮಾಡಬಹುದು. ಈ ಕೂಸು ಅಳುತ್ತಿರಲಿಲ್ಲ. ಕೆಂಪು ಸೂರ್ಯನನ್ನು ನೋಡುತ್ತ, ನೋಡುತ್ತ, ಮೊಲೆ ಬಾಯಿಗಿಟ್ಟರೂ ಚೀಪುವುದನ್ನು ಮರೆಯುತ್ತಿತ್ತು. ನಿದ್ದೆಯಿಲ್ಲದೆ ಕೂಸು ಹಗುರಾಯಿತು. ಮೊರದಲ್ಲಿ ತೂರಿದರೆ ಹಾರುವ ಜೊಳ್ಳಿನ ಹಾಗಾಯಿತು. ಸೊಸೆ ಹಾಡಿದಳು, ಸೆರಗು ಮುಚ್ಚಿದಳು, ಕಂಬಳಿಯ ಗೂಡು ಮಾಡಿ ಒಳಗೆ ಮಲಗಿಸಿದಳು. ಕಂಬಳಿಯೊಳಗಿನ ಕತ್ತಲು ಕತ್ತಲಲ್ಲ. ಕೂಸು ಆ ಗೂಡಿನೊಳಗೂ ಕಣ್ಣು ಬಿಟ್ಟೇ ಇತ್ತು.

ಅತ್ತೆ ಬಂದು ಕೂಸಿನ ಹಣೆ ಮುಟ್ಟಿದಳು. ಕೈಗೆ ಏನೂ ತಿಳಿಯದು, ಆದರೂ ಮುಟ್ಟಿದಳು.

"ಉಣ್ಣೆ ಎಲ್ಲಿದೆ?" ಅಂತ ಕೇಳಿದಳು.

"ಯಾವ ಉಣ್ಣೆ ಅತ್ತೆ?"

"ನನ್ನ ಕೈ ಹೋಗಿದೆ, ಮೂಗು ಹೋಗಿಲ್ಲ ಕಣವ್ವ. ನಿನ್ನ ಸೊಂಟದಲ್ಲಿ ವಾಸನೆ ಬರ್ತಿದೆ."

ಸೊಸೆ ಸೊಂಟವನ್ನು ಅಂಗೈಯಿಂದ ಮುಚ್ಚಿಕೊಂಡಳು. "ಬದುಕಿದಾಳೆ ಅತ್ತೆ. ಹಲಗೆ ಸುಳ್ಳು ಹೇಳಲ್ಲ."

"ಹೇಳಲ್ಲ. ಅದು ಏನು ಹೇಳ್ತಿದೆ ಅಂತ ನೀನು ಕೇಳ್ತಿದೀಯಾ, ಇಲ್ಲ ನಿನಗೆ ಬೇಕಾದ್ದು ಕೇಳಿಸ್ಕೊಂತಿದೀಯಾ?"

"ನಾನು ಆ ಮಾತು ಅಂದ ಮೇಲೆ ಅವಳು ಬಂದರೆ?" ಅಂದಳು ಸೊಸೆ. "ತವರಿಂದ ನನ್ನ ಜೊತೆ ಬಂದಿದ್ದು ಅದೊಂದೇ ಜೀವ. ದಿನಾ ಬಾಗಿಲಲ್ಲಿ ಬೆನ್ನು ಕೊಟ್ಟು ನಿಲ್ತಿದ್ದಳು ಅತ್ತೆ. ಒಂದು ದಿನ ನಾನು ಎದ್ದು ಹೋಗಿ ಮುಟ್ಟಲಿಲ್ಲ. ಮುಟ್ಟದವಳನ್ನ ಹೆಂಗೆ ಹೋಗು ಅನ್ನಲಿ?"

ಅತ್ತೆ ಹತ್ತಿರ ಸರಿದು ಕೂತಳು. ಕೂಸನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ಹೋಗಿ ಬಾಗಿಲಲ್ಲಿ ನಿಲ್ಲು" ಅಂದಳು. "ಬರೋರು ಯಾರೇ ಇರಲಿ, ಕೈ ಚಾಚು."

ಸೊಸೆ ಹೋಗಿ ನಿಂತಳು. ತಲೆಯ ಹತ್ತಿರ ಹಲಗೆ ಬೆಳಗುತ್ತಿತ್ತು. ಅವಳು ಹಲಗೆಗೆ ಬೆನ್ನು ಮಾಡಿ ಬಾಗಿಲಿನ ಆಚೆ ನೋಡಿದಳು. ಹಾಗೆ ನೋಡಿ ಬಹಳ ಕಾಲವಾಗಿತ್ತು. ಗುಡ್ಡ ಹಲಗೆಯಲ್ಲಿ ಕಂಡಷ್ಟು ಚಿಕ್ಕದಿರಲಿಲ್ಲ.

ಹಿಂದಿನಿಂದ ಮಾವನ ದನಿ ಬಂತು. "ಬರ್ತಿದಾಳೆ! ಗುಡ್ಡ ಇಳಿದಳು. ಬೋರೆಗೆ ಬಂದಳು."

ಜನ ಗೋಡೆ ಬಿಟ್ಟು ಎದ್ದರು. ಎಲ್ಲರೂ ಹಲಗೆಯ ಮುಂದೆ ಗುಂಪಾದರು, ಒಬ್ಬರ ಹೆಗಲ ಮೇಲೆ ಒಬ್ಬರ ಗದ್ದ. ತಿರುವು ದಾಟಿದಳು ಅಂದರು. ಈ ಸಲ ನಿಲ್ಲಲೇ ಇಲ್ಲ ನೋಡು ಅಂದರು. ನೇರ ಬರ್ತಿದಾಳೆ, ಹಸಿದಿರಬೇಕು ಅಂದರು. "ಬಾಗಿಲು ಅಗಲ ತೆಗಿಯವ್ವ" ಅಂದ ಮಾವ, ಕಣ್ಣು ಹಲಗೆಯಿಂದ ಎತ್ತದೆ.

ಸೊಸೆ ಒಬ್ಬಳೇ ಬಾಗಿಲಿನ ಆಚೆ ನೋಡುತ್ತಿದ್ದಳು. ಕೆಂಪು ಬೆಳಕಿನಲ್ಲಿ, ಜಾಲಿಗಿಡಗಳ ನಡುವಿನಿಂದ, ತಲೆ ತಗ್ಗಿಸಿಕೊಂಡು, ಮೆಲ್ಲಗೆ, ಒಂದು ತೋಳ ಬರುತ್ತಿತ್ತು.

ಅದೂ ನಿದ್ದೆಗೆಟ್ಟಿತ್ತು. ತೋಳನ ಬದುಕೆಲ್ಲ ಕತ್ತಲಿನದು. ಕತ್ತಲೇ ಬಾರದೆ ಅದಕ್ಕೆ ಬೇಟೆಯಿಲ್ಲ, ಗುಹೆಯಲ್ಲಿ ಮರಿಗಳಿಗೆ ನಿದ್ದೆಯಿಲ್ಲ. ಪಕ್ಕೆ ಒಳಗೆ ಹೋಗಿ, ಕಣ್ಣು ಕೆಂಪಾಗಿ, ದಾರಿ ಕೇಳಲು ಬಂದ ದಣಿದ ಮನುಷ್ಯನ ಹಾಗೆ ಕಾಣುತ್ತಿತ್ತು. ಬಾಗಿಲಿಗೆ ಬಂದು ನಿಂತಿತು. ರೊಪ್ಪದೊಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡವು.

ಸೊಸೆಗೆ ಈಗ ಎಲ್ಲ ತಿಳಿಯಿತು. ಹಲಗೆ ಸುಳ್ಳು ಹೇಳಿರಲಿಲ್ಲ. ಮಣಿ ನಡೆಯುತ್ತಿತ್ತು, ಮಣಿ ಬೆಚ್ಚಗಿತ್ತು, ತೋಳನ ಹೊಟ್ಟೆಯಲ್ಲಿ. ಒಂದು ಹೆಜ್ಜೆ ಒಳಗೆ ಬಿಟ್ಟರೆ ಚುಕ್ಕೆ ರೊಪ್ಪ ಸೇರುತ್ತದೆ, ಗೆಜ್ಜೆ ಅಲುಗುತ್ತದೆ, ಸೂರ್ಯ ಜಾರುತ್ತಾನೆ, ಕೂಸು ನಿದ್ದೆ ಹೋಗುತ್ತದೆ. ಆ ಕತ್ತಲಲ್ಲಿ ಮಂದೆಯ ನಡುವೆ ತೋಳ ಇರುತ್ತದೆ. ಅಟ್ಟಿದರೆ ಚುಕ್ಕೆ ಮತ್ತೆ ಗುಡ್ಡ ಹತ್ತುತ್ತದೆ. ಇನ್ನೊಂದು ಕೊನೆಯಿಲ್ಲದ ಸಂಜೆ. ಅಷ್ಟು ಹೊತ್ತು ಕೂಸು ತಾಳುವುದಿಲ್ಲ.

"ಬಂದಳಾ?" ಅಂತ ಮಾವ ಕೇಳಿದ. "ಇಲ್ಲಿ ಬಾಗಿಲಲ್ಲೇ ತೋರಿಸ್ತಿದೆ."

"ಬಂದಿದಾಳೆ ಮಾವ" ಅಂದಳು ಸೊಸೆ. "ಎಲ್ಲರೂ ಇದ್ದಲ್ಲೇ ಇರಿ."

ಅವಳು ಬಾಗಿಲಿಗೆ ಅಡ್ಡ ಕೂತಳು. ಮೊಣಕಾಲೂರಿ, ತೋಳನ ಎತ್ತರಕ್ಕೆ. ಕೈ ಚಾಚಿದಳು. ತೋಳ ಹಲ್ಲು ತೋರಿಸಲಿಲ್ಲ. ಬೆನ್ನು ಬಗ್ಗಿಸಿ ಕೊಟ್ಟಿತು, ಕೊನೆಯಾಕೆ ಕೊಡುತ್ತಿದ್ದ ಹಾಗೇ. ಅಂಗೈ ಇಟ್ಟಳು. ಉಣ್ಣೆಯಲ್ಲ, ಬಿರುಸು ಕೂದಲು. ಕೂದಲ ಕೆಳಗೆ ಎಲುಬು. ಎಲುಬಿನ ಕೆಳಗೆ ಬಿಸಿ. ಆ ಬಿಸಿಯಲ್ಲಿ ಎಲ್ಲೋ ಅವಳ ತವರಿನ ಹುಲ್ಲು ತಿಂದು ಬೆಳೆದ ಜೀವ ಇತ್ತು, ಅವಳ ಕೈಗಾಗಿ ಕಾದ ಬೆನ್ನು ಇತ್ತು.

ಇನ್ನೊಂದು ಕೈಯಲ್ಲಿ ಸೊಂಟದ ಉಣ್ಣೆ ತೆಗೆದಳು. ಉಣ್ಣೆಯನ್ನು ತೋಳನ ಬೆನ್ನಿನ ಮೇಲಿಟ್ಟು, ಅದರ ಮೇಲೆ ಅಂಗೈ ಇಟ್ಟಳು. ಮರೆತ ಮಾತು ಗಂಟಲಿಗೆ ಬರಲು ತಡವಾಯಿತು. ಹಟ್ಟಿಯೆಲ್ಲ ಹಲಗೆಯನ್ನೇ ನೋಡುತ್ತಿತ್ತು. ಅತ್ತೆ ಮಾತ್ರ ಜಗಲಿಯಿಂದ ಸೊಸೆಯ ಬೆನ್ನು ನೋಡುತ್ತಿದ್ದಳು.

"ಬಂದೆಯಾ ತಾಯಿ" ಅಂದಳು ಸೊಸೆ ಮೊದಲು. ಅದು ಅಷ್ಟು ಸಂಜೆಗಳ ಬಾಕಿ. ಒಳಗೆ ಬಾ ಅನ್ನಲಿಲ್ಲ. ಅಂಗೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ಸೂರ್ಯ ಗುಡ್ಡದ ಮೇಲೆ ಅಲುಗಲಿಲ್ಲ.

ಆಮೇಲೆ ಅಂದಳು. "ಹೋದೆಯಾ ತಾಯಿ. ಹೋಗಿ ಬಾ."

ಅಂಗೈ ಎತ್ತಿದಳು.

ಸೂರ್ಯ ಎದ್ದ. ಅಷ್ಟು ಹೊತ್ತು ಕೂತು ಮರಗಟ್ಟಿದ ಕಾಲು ಬಿಡಿಸಿಕೊಳ್ಳುವವನ ಹಾಗೆ ಒಂದು ಸಲ ತಡೆದು, ಗುಡ್ಡದ ಆಚೆ ಇಳಿದ. ಕತ್ತಲು ಬೋರೆಯಿಂದ ಎದ್ದು ಹಟ್ಟಿಯ ಕಡೆಗೆ ನಡೆದು ಬಂತು. ತೋಳ ತಿರುಗಿ ಆ ಕತ್ತಲೊಳಕ್ಕೆ ಹೋಯಿತು. ಹಿಂದಕ್ಕೆ ನೋಡಲಿಲ್ಲ.

"ಅರೆ, ಹೋಗ್ತಿದಾಳಲ್ಲ" ಅಂದ ಮಾವ ಹಲಗೆ ನೋಡುತ್ತ. "ಬಾಗಿಲ ತನಕ ಬಂದವಳು ವಾಪಸ್ ಹೋಗ್ತಿದಾಳೆ. ಹಿಡೀರಿ ಯಾರಾದರೂ."

"ಹೋಗಲಿ ಬಿಡಿ" ಅಂದಳು ಅತ್ತೆ. "ಕತ್ತಲಾಗಿದೆ, ತಲೆ ಎತ್ತಿ ನೋಡಿ."

ಮಾವ ತಲೆ ಎತ್ತಿದ. ಕತ್ತಲು ನೋಡಿದ. ಬಾಗಿಲಲ್ಲಿ ಮೊಣಕಾಲೂರಿ ಕೂತ ಸೊಸೆಯನ್ನು ನೋಡಿದ, ಅವಳ ಮುಂದಿನ ಧೂಳಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ನೋಡಿದ. ಅವು ಗೊರಸಿನ ಹೆಜ್ಜೆಗಳಲ್ಲ. ಹಲಗೆಗೆ ಬೆರಳು ಸೋಕಿಸಿ ಬೆಳಕು ಆರಿಸಿದ. ಆಮೇಲೆ ಬಂದು ಸೊಸೆಯ ಹೆಗಲಿಗೆ ತನ್ನ ಕಂಬಳಿ ಹಾಕಿ, ಬಾಗಿಲ ಮುಳ್ಳು ತಾನೇ ಎಳೆದ.

ಜಗಲಿಯಲ್ಲಿ, ಅತ್ತೆಯ ಮಡಿಲಲ್ಲಿ, ಕೂಸು ಒಂದು ದೊಡ್ಡ ಆಕಳಿಕೆ ತೆಗೆಯಿತು. ಕಣ್ಣು ಮುಚ್ಚಿತು. ಹಟ್ಟಿಯೂ ಹಾಗೇ, ಕೂತವರು ಕೂತಲ್ಲಿ, ನಿಂತವರು ನಿಂತಲ್ಲಿ. ಹಾಲು ಹೆಪ್ಪುಗಟ್ಟಿತು.

ಮಣಿಯವ ಮತ್ತೆ ಬಂದ. ಹೊದಿಸಿದ ಕಂಬಳಿಯನ್ನು ಹೊದ್ದುಕೊಂಡೇ ಬಂದ. ಹಲಗೆ ನೋಡಿ, "ಇದೊಂದು ಚುಕ್ಕೆ ಅಡವಿಯಲ್ಲಿ ಅಲೆಯುತ್ತಿದೆಯಲ್ಲ ಅವ್ವ, ಅಳಿಸಿಬಿಡಲಾ?" ಅಂದ. ಸೊಸೆ ನಡೆದದ್ದನ್ನು ಹೇಳಿದಳು. ಅವನು ಜೋಳಿಗೆ ಕೆಳಗಿಟ್ಟು ಕೂತ.

"ಎಲ್ಲಿದೆ ಅಂತ ಹೇಳೋದು ಕಲಿಸಿದ್ದೆ" ಅಂದ. "ಯಾರದು ಅಂತ ಕೇಳೋರು ಇರ್ತಾರೆ ಅಂದುಕೊಂಡಿದ್ದೆ."

"ಇದ್ದೆವಪ್ಪ. ನಮಗೇ ಕೇಳೋಕೆ ಮನಸ್ಸಿರಲಿಲ್ಲ" ಅಂದಳು ಸೊಸೆ. "ಅಳಿಸಬೇಡ. ಅದರ ಬಣ್ಣ ಬೇರೆ ಮಾಡಿಕೊಡು. ಹೆಸರು ಬರೆಯೋ ಹಾಗಿದ್ದರೆ ತೋಳಪ್ಪ ಅಂತ ಬರಿ."

ಅಂದಿನಿಂದ ಹಟ್ಟಿಯವರು ಬೆಳಿಗ್ಗೆ ಮೊದಲು ಆ ಚುಕ್ಕೆ ನೋಡುತ್ತಾರೆ. ತೋಳಪ್ಪ ಗುಡ್ಡದ ಈ ಮಗ್ಗುಲಿದ್ದರೆ ಮಂದೆ ಆ ಮಗ್ಗುಲಿಗೆ. ಅವನು ಹಳ್ಳದಲ್ಲಿದ್ದರೆ ಇವರು ಬೋರೆಗೆ. ಅವನಿಗೆ ಅಡವಿಯ ಮೊಲ ಉಂಟು, ಇವರಿಗೆ ಹುಲ್ಲು ಉಂಟು. ತೋಳನ ಹೊಟ್ಟೆಯಲ್ಲಿ ಮಣಿ ಅಷ್ಟು ಕಾಲ ಉಳಿಯುತ್ತದೆಯೇ ಅಂತ ಕೇಳಬೇಡಿ. ಸೂರ್ಯ ಕೂತಿದ್ದನ್ನು ನಂಬಿದಿರಿ, ಇದನ್ನೂ ನಂಬಿ.

ಹಲಗೆ ಕಂಬದಲ್ಲೇ ಇದೆ. ಅದರ ಕೆಳಗೆ ಸೊಸೆಯ ಕೈಯೂ ಇದೆ. ಕೈ ಸೋತ ದಿನ ನೆರೆಮನೆಯವಳು ನಿಲ್ಲುತ್ತಾಳೆ, ಅವಳಿಗೆ ಆಗದಿದ್ದರೆ ಮಾವನೇ ನಿಲ್ಲುತ್ತಾನೆ. ಗಂಡಸಿನ ಕೈಗೆ ಸೂರ್ಯ ಒಪ್ಪುತ್ತಾನೋ ಇಲ್ಲವೋ ಅಂತ ಅಂಜಿದ್ದರು, ಒಪ್ಪಿದ.

ಕೂಸು ಬೆಳೆದು ಬಾಗಿಲ ತನಕ ನಡೆದು ಬರುವ ಹಾಗಾಯಿತು. ಅವ್ವನ ಕಾಲು ಹಿಡಿದು ನಿಂತು, ಹಾಯುವ ಕುರಿಗಳ ಹೊಟ್ಟೆಗೆ ತನ್ನ ಪುಟ್ಟ ಅಂಗೈ ತಾಗಿಸುತ್ತದೆ. ಒಂದು ಸಂಜೆ ಮಂದೆಯೆಲ್ಲ ಒಳಗೆ ಬಂದ ಮೇಲೆ ಹಲಗೆಯತ್ತ ಬೆರಳು ಮಾಡಿತು. ದೂರದ ಗುಡ್ಡದಲ್ಲಿ ಬೇರೆ ಬಣ್ಣದ ಚುಕ್ಕೆಯೊಂದು ಮೆಲ್ಲಗೆ ನಡೆಯುತ್ತಿತ್ತು.

"ಅದು ಇನ್ನೂ ಬಂದಿಲ್ಲ ಅವ್ವ. ಕಾಯಣ."

ಸೊಸೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು, ಉಣ್ಣೆ ಸಿಕ್ಕಿಸಿದ್ದ ಮಗ್ಗುಲಿಗೇ.

"ಅದು ಬಂದು ಹೋಯಿತು ಮಗಾ" ಅಂದಳು.

ಸೂರ್ಯ ಕೇಳಿಸಿಕೊಂಡ. ಗುಡ್ಡದ ಆಚೆ ಇಳಿದ.